ಒಂದೂವರೆ ಅಕ್ಷರದ ನೀರು

ಬೆಂಗಳೂರಿನಲ್ಲಿ ನಾವು ಹಿಂದೆ ಇದ್ದ ವಠಾರದಲ್ಲಿ ಎಂಟು ಮನೆಗಳಿಗೆ ಒಂದೇ ನಲ್ಲಿ. ದಿನ ಬಿಟ್ಟು ದಿನ, ಬೆಳಗಿನ ಜಾವ ನಾಲ್ಕೂವರೆಗೆ ಕಾವೇರಿ ಬರುತ್ತಿದ್ದಳು. ನಲ್ಲಿ ಮೊದಲು ಗಾಳಿ ಉಗುಳಿ ಬುಸುಗುಡುತ್ತಿತ್ತು. ಆ ಸದ್ದು ಕಿವಿಗೆ ಬಿದ್ದರೆ ಸಾಕು, ಸಾಲುಮನೆಗಳ ಚಿಲಕ ಒಂದೊಂದಾಗಿ ತೆಗೆದುಕೊಳ್ಳುತ್ತಿದ್ದವು. 'ನೀರು ಬಂತೇನ್ರೀ?' ಎಂದು ನಮ್ಮಮ್ಮ. 'ತಣ್ಣಿ ವಂದುಚ್ಚಾ?' ಎಂದು ಎದುರುಮನೆಯ ಸೇಲಂ ಕಡೆಯವರು. 'ನೀಳ್ಳು ವಚ್ಚಾಯಾ?' ಎಂದು ಹಿಂದೂಪುರದ ಅಜ್ಜಿ. ಕೊನೆಮನೆಯಲ್ಲಿದ್ದ ಕೇರಳದ ನರ್ಸ್ ಅಕ್ಕ, 'ವೆಳ್ಳಂ ವನ್ನೋ?' ಮಹಡಿಯ ಮೇಲಿಂದ ಇನ್ನೊಂದು ದನಿ, 'ಪಾನಿ ಆಯಾ ಕ್ಯಾ?'

ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತ ಹುಡುಗನಿಗೆ ಇದೊಂದು ಆಟದಂತಿತ್ತು. ನಮ್ಮದೂ ಹಿಂದೂಪುರದ ಅಜ್ಜಿಯದೂ ಒಂದೇ ಮಾತೆಂದು ಗೊತ್ತಾಗುತ್ತಿತ್ತು. ಸೇಲಂನವರ ತಣ್ಣಿಯಲ್ಲೂ ನಮ್ಮ ತಣ್ಣೀರು ಅಡಗಿದೆಯೆಂದು ಗೊತ್ತಾಗಲು ಸ್ವಲ್ಪ ಕಾಲ ಬೇಕಾಯಿತು. ನಾವು ಮಾತಿನಲ್ಲಿ 'ನೀರು' ಎನ್ನುವ, ಹಳಗನ್ನಡದವರು 'ನೀರ್' ಎಂದು ಮುಗಿಸುತ್ತಿದ್ದ ಈ ಒಂದೂವರೆ ಅಕ್ಷರದ ಪದ ಎಲ್ಲಿ ಹುಟ್ಟಿತು, ಯಾರಿಂದ ಯಾರಿಗೆ ಹೋಯಿತು ಎಂಬ ಪ್ರಶ್ನೆಗೆ ಕನಿಷ್ಠ ಇನ್ನೂರು ವರ್ಷದ ಚರ್ಚೆಯಿದೆ ಎಂದು ತಿಳಿದದ್ದು ಬಹಳ ತಡವಾಗಿ.

ಯಾವ ಮನೆಯಲ್ಲಿ ಯಾವ ಹೆಸರು

ಮೊದಲು ಪದ ಎಲ್ಲೆಲ್ಲಿದೆ ನೋಡಿಬಿಡೋಣ. ಕನ್ನಡದಲ್ಲಿ ನೀರು, ತುಳುವಿನಲ್ಲಿ ನೀರು, ಕೊಡವದಲ್ಲಿ ಕೊನೆಯ ಸ್ವರವನ್ನು ನುಂಗಿದ ನೀರ್. ನೀಲಗಿರಿಯ ತೋಡ, ಕೋತ ಭಾಷೆಗಳಲ್ಲೂ ನೀರ್. ತಮಿಳಿನ ಹಳೆಯ ಸಾಹಿತ್ಯದಲ್ಲಿ ನೀರ್ ಎಂದೇ ಇದೆ. ಆದರೆ ಇಂದಿನ ತಮಿಳು ಬೀದಿಯಲ್ಲಿ ಅದು 'ತಣ್' ಎಂಬ ತಂಪನ್ನು ಬೆನ್ನಿಗೆ ಕಟ್ಟಿಕೊಂಡೇ ಓಡಾಡುತ್ತದೆ. ತಣ್ಣೀರ್ ಸವೆದು ತಣ್ಣಿಯಾಗಿ ಬರೀ ನೀರು ಎಂಬ ಅರ್ಥಕ್ಕೆ ನಿಂತಿದೆ. ಎಷ್ಟರ ಮಟ್ಟಿಗೆಂದರೆ ಸ್ನಾನದ ಬಿಸಿನೀರಿಗೆ ಅವರು 'ಸುಡುತಣ್ಣಿ' ಎನ್ನುತ್ತಾರೆ. ಸುಡುವ ತಣ್ಣೀರು! ನಮ್ಮಲ್ಲಿ ತಣ್ಣೀರು ಇನ್ನೂ ತಣ್ಣಗೇ ಇದೆ.

ತೆಲುಗಿನ ನೀಳ್ಳು ಬಹುವಚನ. ನೀರು ಎಂಬುದಕ್ಕೆ 'ಲು' ಸೇರಿ, ರ-ಲ ಎರಡೂ ಕರಗಿ ಳ್ಳ ಆಗಿದೆ, ಊರು ಹೋಗಿ ಊಳ್ಳು ಆದಂತೆಯೇ. ಹಾಗಾಗಿಯೇ ಅಜ್ಜಿ 'ವಚ್ಚಾಯಾ' ಎಂದು ಬಹುವಚನದ ಕ್ರಿಯಾಪದ ಬಳಸುತ್ತಿದ್ದುದು. ವೈದಿಕ ಸಂಸ್ಕೃತದಲ್ಲೂ ನೀರಿಗೆ 'ಆಪಃ' ಎಂದು ಬಹುವಚನವೇ. ಈ ಹೋಲಿಕೆಯಿಂದ ಏನನ್ನೂ ಸಾಧಿಸಲಾಗದು. ನೀರನ್ನು ಎಣಿಸಲು ಬರುವುದಿಲ್ಲ, ಆದರೂ ಇಬ್ಬರಿಗೂ ಅದು ಹಲವಾಗಿ ಕಂಡಿದೆ, ಅಷ್ಟೆ.

ಮಲಯಾಳಂ ಈ ಮನೆಯಲ್ಲೇ ಹುಟ್ಟಿ ಬೇರೆ ದಾರಿ ಹಿಡಿದ ಮಗಳು. ಅಲ್ಲಿ ದಿನಬಳಕೆಯ ಪದ ವೆಳ್ಳಂ. ತಮಿಳಿನಲ್ಲಿ ಅದೇ ಪದಕ್ಕೆ ಪ್ರವಾಹ ಎಂದರ್ಥ. ಕೇರಳದಲ್ಲಿ ಲೋಟದೊಳಗಿನದೂ ವೆಳ್ಳಂ, ಮನೆ ಮುಳುಗಿಸುವುದು ವೆಳ್ಳಪ್ಪೊಕ್ಕಂ. ನೀರ್ ಅಲ್ಲಿ ಕಣ್ಣೀರಿನಲ್ಲಿ, ಇಳನೀರಿನಲ್ಲಿ ಜೀವ ಹಿಡಿದುಕೊಂಡಿದೆ.

ದಕ್ಷಿಣ ದಾಟಿದರೆ ಚಿತ್ರ ಬದಲಾಗುತ್ತದೆ. ಬಸ್ತರದ ಪರ್ಜಿ ಭಾಷೆಯಲ್ಲಿ ನೀರ್ ಹಾಗೆಯೇ ಇದೆ. ತೆಲಂಗಾಣ-ಮಹಾರಾಷ್ಟ್ರ ಗಡಿಯ ಕೋಲಾಮಿಯಲ್ಲಿ ಮೊದಲಿನ ನಕಾರವೇ ಉದುರಿ ಈರ್ ಆಗಿದೆ. ಒಡಿಶಾದ ಕುಯಿ ಜನ ಏಜು ಎನ್ನುತ್ತಾರೆ, ಅವರ ನೆರೆಯ ಕುವಿ ಜನ ಏಯು ಎನ್ನುತ್ತಾರೆ. ಇದು ನೀರಿನ ರೂಪಾಂತರವಲ್ಲ. ತಮಿಳಿನ ಆಱು, ತೆಲುಗಿನ ಏರು, ಅಂದರೆ ಹೊಳೆ ಎಂಬ ಪದ. ಹೊಳೆಯೇ ಅವರಿಗೆ ನೀರಾಯಿತು. ಜಾರ್ಖಂಡದ ಕುಡುಖ್ ಜನರ ಬಾಯಲ್ಲಿ ಅಮ್ಮ್, ರಾಜಮಹಲ್ ಬೆಟ್ಟಗಳ ಮಾಲ್ತೋದಲ್ಲಿ ಅಮು. ಎಲ್ಲಕ್ಕಿಂತ ದೂರದಲ್ಲಿ, ಪಾಕಿಸ್ತಾನದ ಬಲೂಚಿಸ್ತಾನದಲ್ಲಿ, ಬ್ರಾಹುಈ ಮಾತನಾಡುವವರು ದೀರ್ ಎನ್ನುತ್ತಾರೆ. ಈ ದೀರ್ ಬಗ್ಗೆ ಮುಂದೆ ಬರುತ್ತೇನೆ, ಅದರೊಳಗೊಂದು ಗಂಟಿದೆ.

ಉತ್ತರದ ಆರ್ಯ ಭಾಷೆಗಳಲ್ಲಿ ಆಡುಮಾತಿನ ಪದ ಪಾನಿ. ಅದು ಸಂಸ್ಕೃತದ ಪಾನೀಯದಿಂದ ಬಂದದ್ದು. 'ನೀರ' ಅಲ್ಲಿ ಕಾವ್ಯದ ಪದ, ಹೆಸರಿಡುವ ಪದ. ಇಲ್ಲಿಂದಲೇ ಜಗಳ ಶುರು.

ನೀ ಧಾತು, ರಕ್ ಪ್ರತ್ಯಯ

ಸಂಸ್ಕೃತ ಪಂಡಿತರಿಗೆ ಇದರಲ್ಲಿ ಸಂಶಯವೇ ಇರಲಿಲ್ಲ. ಅಮರಕೋಶದಲ್ಲಿ ನೀರಿನ ಪರ್ಯಾಯಪದಗಳ ಉದ್ದ ಸಾಲಿನಲ್ಲಿ ತೋಯ, ಪಾನೀಯಗಳ ಪಕ್ಕದಲ್ಲೇ 'ನೀರ' ಕೂತಿದೆ. ಉಣಾದಿ ಸೂತ್ರಗಳು ಅದಕ್ಕೆ ಹುಟ್ಟನ್ನೂ ಕೊಟ್ಟಿವೆ. 'ನೀ' ಎಂದರೆ ಒಯ್ಯು, ಅದಕ್ಕೆ 'ರಕ್' ಎಂಬ ಪ್ರತ್ಯಯ ಹತ್ತಿದರೆ ನೀರ. ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು, ಅಥವಾ ಒಯ್ಯಲ್ಪಡುವುದು.

ವಿವರಣೆ ಸೊಗಸಾಗಿದೆ. ತೊಂದರೆಯೆಂದರೆ ಉಣಾದಿಯ ಬತ್ತಳಿಕೆಯಲ್ಲಿ ಎಲ್ಲದಕ್ಕೂ ಒಂದು ಬಾಣ ಉಂಟು. ಸಾಮಾನ್ಯ ನಿಯಮಗಳಿಗೆ ಸಿಗದ ಪದಗಳನ್ನೂ ಯಾವುದಾದರೂ ಧಾತುವಿಗೆ ಕಟ್ಟಿಹಾಕುವುದೇ ಆ ಸೂತ್ರಗಳ ಕೆಲಸ. ಅವು ಪದದ ಚರಿತ್ರೆಯನ್ನಲ್ಲ, ಪದಕ್ಕೆ ವ್ಯಾಕರಣದೊಳಗೊಂದು ವಿಳಾಸವನ್ನು ಕೊಡುತ್ತವೆ.

ನಮ್ಮ ವೈಯಾಕರಣರಿಗೆ ಈ ಪ್ರಶ್ನೆ ಬರೀ ಕುತೂಹಲದ್ದಾಗಿರಲಿಲ್ಲ. ಕನ್ನಡ ಪದಕ್ಕೆ ಸಂಸ್ಕೃತ ಪದ ಜೋಡಿಸಿ ಸಮಾಸ ಮಾಡಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿಟ್ಟಂತೆ ಎಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಎಚ್ಚರಿಸಿತ್ತು. ಹದಿಮೂರನೆಯ ಶತಮಾನದ ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ಅಂಥ ಅರಿಸಮಾಸದ ಮೇಲೆ ಕಣ್ಣಿಟ್ಟವನೇ. ಹಾಗಿರುವಾಗ ಯಾವ ಪದ ಯಾವ ಕಡೆಯದೆಂಬುದು ಕವಿಗೆ ತಿಳಿದಿರಬೇಕು. ನೀರು ಮಾತ್ರ ಎರಡೂ ದಡದಲ್ಲಿ ಕಾಲಿಟ್ಟು ನಿಂತ ಪದ. ನೀರಾನೆ, ನೀರುಕೋಳಿ ಈ ದಡದವು. ನೀರಜ, ನೀರದ, ನೀರಧಿ ಆ ದಡದವು. ಎರಡೂ ಕಡೆ ಮಜ್ಜಿಗೆಯ ಹನಿಯಿಲ್ಲ.

ಇಲ್ಲೇ ಒಂದು ಎಚ್ಚರಿಕೆ. ನೀರಸ, ನೀರವ, ನೀರೋಗ ಇವುಗಳಲ್ಲಿ ಒಂದು ತೊಟ್ಟೂ ನೀರಿಲ್ಲ. 'ನಿರ್' ಎಂಬ ಉಪಸರ್ಗದ ಮುಂದೆ ರಕಾರ ಬಂದಾಗ ಒಂದು ರಕಾರ ಬಿದ್ದುಹೋಗಿ ಸ್ವರ ದೀರ್ಘವಾಗಿದೆ. ನೀರಾಜನಕ್ಕೂ ಅದೇ ದಾರಿ ಹೇಳುವವರಿದ್ದಾರೆ, ನೀರಿನ ಪ್ರೋಕ್ಷಣೆಯಿಂದ ಬಂತೆನ್ನುವವರೂ ಇದ್ದಾರೆ. 'ನೀರಜ' ಇನ್ನೂ ಮಜಾ. ನೀರಿನಲ್ಲಿ ಹುಟ್ಟಿದ್ದು ಎಂದರೆ ತಾವರೆ, ನಿರ್-ರಜ ಎಂದು ಬಿಡಿಸಿದರೆ ಧೂಳಿಲ್ಲದ್ದು. 2021ರಲ್ಲಿ ಟೋಕಿಯೋದಲ್ಲಿ ಚಿನ್ನ ಗೆದ್ದ ಹರಿಯಾಣದ ನೀರಜ್ ಚೋಪ್ರಾ ಅವರ ಹೆಸರಿನಲ್ಲಿ ಮೊದಲ ಅರ್ಥವನ್ನೇ ಹಿಡಿದರೆ, ಮುಂದೆ ಹೇಳಲಿರುವ ವಾದದ ಪ್ರಕಾರ, ಅವರ ಹೆಸರಿನ ಅರ್ಧ ನಮ್ಮ ಕಡೆಯದು.

ಕಿಟ್ಟೆಲ್ ಮೇಷ್ಟ್ರ ಪಟ್ಟಿ

ದಿಕ್ಕನ್ನು ತಿರುಗಿಸಿದವರು ಹತ್ತೊಂಬತ್ತನೆಯ ಶತಮಾನದ ಮೂರು-ನಾಲ್ಕು ಮಂದಿ. 1816ರಲ್ಲಿ ಮದರಾಸಿನ ಎಲ್ಲಿಸ್ ದೊರೆ, ಕ್ಯಾಂಪ್‌ಬೆಲ್ಲನ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ, ತಮಿಳು-ತೆಲುಗು-ಕನ್ನಡಗಳ ಬೇರು ಸಂಸ್ಕೃತವಲ್ಲ, ಅವುಗಳಿಗೆ ತಮ್ಮದೇ ಬೇರುಂಟು ಎಂದು ಪದಗಳನ್ನು ಎದುರುಬದುರು ಇಟ್ಟು ತೋರಿಸಿದ. ನಲವತ್ತು ವರ್ಷದ ಮೇಲೆ, 1856ರಲ್ಲಿ, ಕಾಲ್ಡ್‌ವೆಲ್ಲನ ತೌಲನಿಕ ವ್ಯಾಕರಣ ಬಂತು. ಬೇರು ಬೇರೆ ಎಂದಾದ ಮೇಲೆ ಮುಂದಿನ ಪ್ರಶ್ನೆ ತಾನಾಗಿ ಹುಟ್ಟಿತು: ಎರಡು ಕಡೆಯೂ ಇರುವ ಪದಗಳಲ್ಲಿ ಕೊಟ್ಟವರು ಯಾರು, ಪಡೆದವರು ಯಾರು? ಅಲ್ಲಿಯವರೆಗೆ ಸಾಲ ಒಂದೇ ಕಡೆಗೆ ಹರಿಯುತ್ತದೆ ಎಂದು ಎಲ್ಲರೂ ನಂಬಿದ್ದರು.

1869ರಲ್ಲಿ ಹೆರ್ಮನ್ ಗುಂಡರ್ಟ್ ಸಂಸ್ಕೃತದೊಳಗಿನ ದ್ರಾವಿಡ ಅಂಶಗಳ ಬಗ್ಗೆ ಜರ್ಮನ್ ಭಾಷೆಯಲ್ಲಿ ಒಂದು ಪ್ರಬಂಧ ಬರೆದರು. ಮಲಯಾಳಂ ನಿಘಂಟಿನ ಗುಂಡರ್ಟ್ ಇವರೇ, ಕಾದಂಬರಿಕಾರ ಹೆರ್ಮನ್ ಹೆಸ್ಸೆಯ ಅಜ್ಜ. ಮೂರು ವರ್ಷದಲ್ಲಿ ನಮ್ಮ ಕಿಟ್ಟೆಲ್ ಇಂಡಿಯನ್ ಆಂಟಿಕ್ವರಿಯ ಮೊದಲ ಸಂಪುಟದಲ್ಲಿ ಅದೇ ದಾರಿ ಹಿಡಿದರು. 1894ರ ಮಹಾನಿಘಂಟಿನ ಮುನ್ನುಡಿಗೆ ಬರುವ ಹೊತ್ತಿಗೆ ಅದು ಉದ್ದ ಪಟ್ಟಿಯೇ ಆಗಿತ್ತು. ಕಿಟ್ಟೆಲ್ ಕೋಶವನ್ನು ಅರ್ಥ ಹುಡುಕಲು ತೆರೆಯುವವರು ಆ ಮುನ್ನುಡಿಯನ್ನು ಹಾರಿಸಿಬಿಡುತ್ತಾರೆ. ಕನ್ನಡಕ್ಕೆ ಸಂಸ್ಕೃತದಿಂದ ಏನು ಬಂತೆಂದು ಮಾತ್ರ ಕೇಳುತ್ತಿದ್ದ ಕಾಲದಲ್ಲಿ, ಧಾರವಾಡ-ಮಂಗಳೂರುಗಳಲ್ಲಿ ಕೂತ ಒಬ್ಬ ಪಾದ್ರಿ ಸಂಸ್ಕೃತಕ್ಕೆ ಇಲ್ಲಿಂದ ಏನು ಹೋಯಿತೆಂದು ಲೆಕ್ಕ ತೆಗೆದದ್ದು ಸಣ್ಣ ಧೈರ್ಯವಲ್ಲ. ಅತಿಯಾಯಿತೆಂದು ಆಮೇಲಿನವರು ಆ ಪಟ್ಟಿಯ ಎಷ್ಟೋ ಪದಗಳನ್ನು ಕಿತ್ತು ಹಾಕಿದರು, ನಿಜ. ನೀರ, ಮೀನ ಎಂಬ ಜೋಡಿ ಮಾತ್ರ ಈ ಚರ್ಚೆಯಲ್ಲಿ ಇಂದಿಗೂ ಕೈಕೈ ಹಿಡಿದೇ ಬರುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕೆ ಶಿಸ್ತು ತಂದವರು ಥಾಮಸ್ ಬರೋ ಮತ್ತು ಮರ್ರೆ ಎಮಿನೋ. 1940ರ ದಶಕದಲ್ಲಿ ಬರೋ ಸರಣಿಯಾಗಿ ಬರೆದರು. 1955ರ ಅವರ ಸಂಸ್ಕೃತ ಭಾಷೆಯ ಕುರಿತ ಪುಸ್ತಕದಲ್ಲೂ ದ್ರಾವಿಡ ಪದಗಳಿಗೆ ಒಂದು ಭಾಗವಿದೆ. ಇಬ್ಬರೂ ಕೂಡಿ 1961ರಲ್ಲಿ ದ್ರಾವಿಡ ನಿಷ್ಪತ್ತಿ ಕೋಶವನ್ನು ಹೊರತಂದರು, 1984ರಲ್ಲಿ ತಿದ್ದಿದ ಆವೃತ್ತಿ ಬಂತು.

ಈ ಪಕ್ಷದ ವಾದವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ. ಒಂದು, ಋಗ್ವೇದದಲ್ಲಿ ನೀರ ಇಲ್ಲ. ಆಪಃ, ಉದಕ, ಸಲಿಲ ಇವೆ; ನೀರ ಕಾಣಿಸುವುದು ಮಹಾಭಾರತ, ಮನುಸ್ಮೃತಿಗಳ ಕಾಲಕ್ಕೆ. ಭಾಷೆಗೆ ಆಗಲೇ ನೀರಿಗೆ ಹತ್ತಾರು ಹೆಸರಿದ್ದರೂ ತಡವಾಗಿ ಇನ್ನೊಂದು ಬಂದು ಸೇರಿದೆ ಎಂದರೆ ಅದು ಹೊರಗಿನಿಂದ ಬಂದಿರುವ ಸಾಧ್ಯತೆ ಹೆಚ್ಚು. ಎರಡು, ಉದಕಕ್ಕೆ ಗ್ರೀಕಿನಲ್ಲಿ ಹುದೋರ್, ಇಂಗ್ಲಿಷಿನಲ್ಲಿ ವಾಟರ್ ಎಂದು ನೆಂಟರಿದ್ದಾರೆ. ನೀರಕ್ಕೆ ಅಂಥ ಗಟ್ಟಿ ನೆಂಟರಿಲ್ಲ. ಮೂರು, ಪದದ ಕೊನೆ. ಸಂಸ್ಕೃತದ ಅಕಾರಾಂತ ಪದ ಕನ್ನಡಕ್ಕೆ ಬಂದಾಗ ಸಾಮಾನ್ಯವಾಗಿ ಅ ಹಾಗೇ ಉಳಿಯುತ್ತದೆ. ಜಲ ಜಲವೇ, ಫಲ ಫಲವೇ, ಮುಖ ಸವೆದರೂ ಮೊಗ. ನೀರ ಬಂದಿದ್ದರೆ ನೀರವಾಗಿಯೇ ಉಳಿಯಬೇಕಿತ್ತು, ನೀರ್ ಎಂದು ವ್ಯಂಜನಕ್ಕೆ ಬಂದು ನಿಲ್ಲಬೇಕಿರಲಿಲ್ಲ. ಅದರ ಬದಲು ನೀರ್, ಮೀನ್‌ಗಳಿಗೆ ಸಂಸ್ಕೃತ ತನ್ನ ವಾಡಿಕೆಯ ಅ ಸೇರಿಸಿಕೊಂಡಿತು ಎಂದರೆ ಲೆಕ್ಕ ಸರಿಹೋಗುತ್ತದೆ.

ನಾಲ್ಕನೆಯದು ನನಗೆ ಬಹಳ ಇಷ್ಟವಾದ ಕಾರಣ. ಪದ ಯಾವ ಮನೆಯದೆಂದು ತಿಳಿಯಲು ಅದು ಅಡುಗೆಮನೆಯವರೆಗೆ ಹೋಗುತ್ತದೋ, ಜಗಲಿಯಲ್ಲೇ ಕೂರುತ್ತದೋ ನೋಡಬೇಕು. ಸಂಸ್ಕೃತದಲ್ಲಿ ನೀರ ತಾವರೆಯನ್ನು, ಮೋಡವನ್ನು, ಕಡಲನ್ನು ಹೆತ್ತು ಸುಮ್ಮನಾಯಿತು. ಕನ್ನಡದಲ್ಲಿ? ಕಣ್ಣೀರು, ಎಳನೀರು, ಪನ್ನೀರು, ನೀರುದೋಸೆ, ನೀರುಮಜ್ಜಿಗೆ. ಕೆರೆಯ ತೂಬು ಎತ್ತಿ ಸರದಿಯಂತೆ ಗದ್ದೆಗೆ ಬಿಡುವವನು ನೀರುಗಂಟಿ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆ ತೊಳೆದು ಸುಣ್ಣ-ಕೆಮ್ಮಣ್ಣು ಬಳಿದರೆ ನೀರು ತುಂಬುವ ಹಬ್ಬ. ತಲೆಗೆ ನೀರು ಹಾಕಿಕೊಳ್ಳುತ್ತೇವೆ, ಎಳ್ಳುನೀರು ಬಿಡುತ್ತೇವೆ, ಎದುರಾಳಿಗೆ ನೀರು ಕುಡಿಸುತ್ತೇವೆ, ಸಭೆಯಲ್ಲಿ ನೀರಿಳಿಸುತ್ತೇವೆ. ಮುತ್ತಿನ ಹೊಳಪೂ ಮುತ್ತಿನ ನೀರೇ. ಮಂಗಳೂರಿನ ತಣ್ಣೀರುಬಾವಿ, ರಾಯಚೂರಿನ ನೀರಮಾನ್ವಿ ಎಂದು ಊರುಗಳಿಗೂ ಇಟ್ಟಿದ್ದೇವೆ.

ಆದರೆ ಈ ಸಾಕ್ಷಿಯನ್ನೂ ಪೂರ್ತಿ ನಂಬುವ ಹಾಗಿಲ್ಲ. ಕೊನೆಮನೆಯ ನರ್ಸ್ ಅಕ್ಕನ ವೆಳ್ಳಂ ನೆನಪಿಸಿಕೊಳ್ಳಿ. ಮಲಯಾಳಂ ಒಂದನ್ನೇ ನೋಡಿದವರಿಗೆ ನೀರ್ ಜಗಲಿಯ ಅತಿಥಿಯಂತೆ ಕಾಣುತ್ತಿತ್ತು. ಪದ ಎಲ್ಲಿ ಬಾಳುತ್ತಿದೆ ಎಂಬುದು ಎಲ್ಲಿ ಹುಟ್ಟಿತು ಎಂಬುದಕ್ಕೆ ಉತ್ತರವಲ್ಲ.

ಒಪ್ಪದವರು

ಎದುರು ಪಕ್ಷದಲ್ಲಿ ಎರಡು ಬಗೆ. ಮೊದಲ ಬಗೆಯವರು ನೀರಕ್ಕೆ ಇಂಡೋ-ಯುರೋಪಿಯನ್ ಬೇರನ್ನೇ ಹುಡುಕುವವರು. ಅವರ ಕೈಯಲ್ಲಿರುವ ಪುರಾವೆ 'ನಾರಾಃ'. ನೀರಿಗೆ ನಾರಾ ಎಂದು ಹೆಸರು, ಅದನ್ನು ನೆಲೆ ಮಾಡಿಕೊಂಡವನು ನಾರಾಯಣ ಎಂಬ ವಿವರಣೆ ಮನುಸ್ಮೃತಿಯ ಮೊದಲ ಅಧ್ಯಾಯದಲ್ಲೇ ಇದೆ. ಗ್ರೀಕರ ಕಡಲ ದೇವತೆ ನೆರೆಯುಸ್, ಲಿಥುವೇನಿಯಾದ ನೆರಿಸ್ ನದಿ, ಆ ಭಾಷೆಯಲ್ಲಿ ಮುಳುಗು ಎಂಬರ್ಥದ ನೆರ್ತಿ ಇವನ್ನೆಲ್ಲ ಒಂದು ದಾರದಲ್ಲಿ ಪೋಣಿಸಿದರೆ ನೀರಕ್ಕೂ ಅಲ್ಲೊಂದು ಜಾಗ ಸಿಗಬಹುದಲ್ಲ ಎಂಬುದು ಆಸೆ. ಎಡವುವುದು ಸ್ವರದಲ್ಲಿ. ಆ ಬೇರಿನಿಂದ ಸಂಸ್ಕೃತದಲ್ಲಿ 'ನಾ' ಬರುವುದಕ್ಕೆ ದಾರಿಯಿದೆ; 'ನೀ' ಹೇಗೆ ಬಂತೆಂದು ಹೇಳುವುದು ಕಷ್ಟ. ಇನ್ನು ಇದನ್ನೇ ತಿರುವಿ, ನಾರಾಯಣನೇ ನಮ್ಮ 'ನೀರಿ'ನಿಂದ ಬಂದ ಎನ್ನುವವರೂ ಇದ್ದಾರೆ. ಅವರಿಗೂ ಅದೇ ಸ್ವರ ಅಡ್ಡ ಬರುತ್ತದೆ.

ಎರಡನೆಯ ಬಗೆಯವರು ಈ ಒಂದು ಪದವನ್ನಲ್ಲ, ಇಡೀ ವಿಧಾನವನ್ನೇ ಪ್ರಶ್ನಿಸಿದವರು. ಪಾಲ್ ಥೀಮ್ ಬರೋ ಅವರ ಪುಸ್ತಕವನ್ನು ವಿಮರ್ಶಿಸುತ್ತ, ದ್ರಾವಿಡವೆಂದು ಗುರುತಿಸಿದ ಪದಗಳ ಬಗ್ಗೆ ಅನುಮಾನ ಎತ್ತಿದರು. ಹ್ಯಾನ್ಸ್ ಹೆನ್ರಿಕ್ ಹಾಕ್ 1975ರಲ್ಲಿ, ಟ-ಡ ವರ್ಗದ ಧ್ವನಿಗಳಿಂದ ಹಿಡಿದು 'ಇತಿ' ಬಳಕೆಯವರೆಗೆ ಎಲ್ಲವನ್ನೂ ದ್ರಾವಿಡ ಪ್ರಭಾವವೆಂದು ಹೇಳುವುದು ಆತುರ ಎಂದರು. ಕೈಪರ್, ವಿಟ್ಜೆಲ್ ಇನ್ನೊಂದು ಬಾಗಿಲು ತೆರೆದರು. ಸಂಸ್ಕೃತದ ಪರಕೀಯ ಪದಗಳೆಲ್ಲ ದ್ರಾವಿಡವೇ ಯಾಕಾಗಬೇಕು? ಮುಂಡಾ ಭಾಷೆಗಳಿಲ್ಲವೇ, ಹೆಸರೂ ಉಳಿಯದೆ ಅಳಿದುಹೋದ ಭಾಷೆಗಳಿಲ್ಲವೇ? ಕೇಳಬೇಕಾದ ಪ್ರಶ್ನೆಯೇ. ಸಂಸ್ಕೃತದ ಹಲವು ಪದಗಳ ಬಗ್ಗೆ ಅದು ತೂಕದ ಮಾತು. ನೀರಿನ ವಿಷಯದಲ್ಲಿ ಮಾತ್ರ, ಪಕ್ಕದ ಮನೆಯಲ್ಲೇ ಪದ ತುಂಬಿ ತುಳುಕುತ್ತಿರುವಾಗ ಅಳಿದುಹೋದ ಬಾವಿಯನ್ನು ಹುಡುಕಿಕೊಂಡು ಹೋಗುವ ಅಗತ್ಯ ನನಗಂತೂ ಕಾಣುವುದಿಲ್ಲ.

ಏಥೆನ್ಸಿನ ನೆರೊ, ಡೈರಿಯ ಪನೀರ್

ನೀರಿನ ಮಾತೆತ್ತಿದ ಕೂಡಲೇ ಯಾರಾದರೂ ಒಬ್ಬರು ಗ್ರೀಕ್ ನೆರೊ ತರುತ್ತಾರೆ. ಇಂದಿನ ಗ್ರೀಸಿನಲ್ಲಿ ನೀರಿಗೆ ನೆರೊ ಎನ್ನುವುದು ನಿಜ. ಅಲ್ಲಿಂದ ಅಲೆಕ್ಸಾಂಡರ್, ಮೆಣಸಿನ ಹಡಗು, ಮುಜಿರಿಸ್ ಬಂದರು ಎಲ್ಲ ಕಥೆಯೊಳಗೆ ಬರುತ್ತವೆ. ಆದರೆ ನೆರೊ ಎಲ್ಲಿಂದ ಬಂತೆಂಬುದಕ್ಕೆ ಅಲ್ಲೇ ದಾಖಲೆಯಿದೆ. ಹಳೆಯ ಗ್ರೀಕಿನಲ್ಲಿ ನೀರು ಹುದೋರ್. ಹೊಸದಾಗಿ ಸೇದಿದ ತಾಜಾ ನೀರು 'ನೆಆರೊನ್ ಹುದೋರ್'. 'ನೆಆರೊನ್' ಎಂದರೆ ಹೊಸತು, ನಮ್ಮ 'ನವ'ದ ದಾಯಾದಿ. ಆಡುಮಾತಿನಲ್ಲಿ ಅದು 'ನೇರೊನ್' ಎಂದು ಕುಗ್ಗಿತು. ಎರಡನೆಯ ಶತಮಾನದ ಫ್ರಿನಿಕಸ್ ಎಂಬ ಶುದ್ಧಭಾಷೆಯ ಪಂಡಿತ, ನೀರಿಗೆ ಹಾಗನ್ನಬೇಡಿ, ಅದು ಒಳ್ಳೆಯ ಗ್ರೀಕ್ ಅಲ್ಲ ಎಂದು ಗದರಿದ. ಜನ ಕೇಳಲಿಲ್ಲ, ವಿಶೇಷಣ ಉಳಿಯಿತು, ನೀರೇ ಹೋಯಿತು. ತಮಿಳಿನ ತಣ್ಣೀರ್ ಕಥೆಗೂ ಇದಕ್ಕೂ ಎಂಥ ಹೋಲಿಕೆ ನೋಡಿ! ಎರಡೂ ಕಡೆ ಗುಣವನ್ನು ಹೇಳುವ ಜೋಡಿ ಸವೆದು ವಸ್ತುವಿನ ಹೆಸರಾಗಿದೆ. ಸಂಬಂಧ ಇರುವುದು ಈ ನಡಿಗೆಯಲ್ಲಿ, ಪದದಲ್ಲಲ್ಲ.

ಸದ್ದು ಒಂದೇ ಆದ ಮಾತ್ರಕ್ಕೆ ನೆಂಟಸ್ತಿಕೆ ಕಟ್ಟುವವರಿಗೆ ನನ್ನ ಬಳಿ ಇನ್ನೂ ಹತ್ತಿರದ ಉದಾಹರಣೆಯಿದೆ. ಮದುವೆಮನೆಯ ಬಾಗಿಲಲ್ಲಿ ಚಿಮುಕಿಸುವುದು ಪನ್ನೀರು, ಡೈರಿಯ ಫ್ರಿಜ್ಜಿನಲ್ಲಿರುವುದು ಪನೀರ್. ಮೊದಲನೆಯದು ಪನಿ, ಅಂದರೆ ಹನಿ, ಇಬ್ಬನಿಯ ನೀರು. ಎರಡನೆಯದು ಪಾರಸಿಯ ಗಿಣ್ಣು. ಎರಡರ ನಡುವೆ ಅರ್ಧ ನಕಾರದ ಅಂತರ, ವಂಶದಲ್ಲಿ ಏನೇನೂ ಸಂಬಂಧವಿಲ್ಲ.

ನಿಜವಾಗಿ ಕಡಲು ದಾಟಿದ ನೀರು ಬೇರೆ ದಿಕ್ಕಿನಲ್ಲಿದೆ. ಮಲಯ ಭಾಷೆಯಲ್ಲಿ, ಇಂಡೋನೇಷ್ಯಾದಲ್ಲಿ, ತಾಳೆ-ತೆಂಗಿನ ಹೊಂಬಾಳೆಯಿಂದ ಇಳಿಸಿದ ಸಿಹಿರಸಕ್ಕೆ ನೀರಾ ಎನ್ನುತ್ತಾರೆ. ಅದು ಸಂಸ್ಕೃತದ ಮೂಲಕ ಹೋದದ್ದು. ನಾವೂ ಅದೇ ರಸಕ್ಕೆ ನೀರಾ ಎನ್ನುತ್ತೇವೆ. ದ್ರಾವಿಡದಿಂದ ಸಂಸ್ಕೃತಕ್ಕೆ, ಅಲ್ಲಿಂದ ಮಲಯಕ್ಕೆ ಎಂದು ಒಪ್ಪಿದರೆ ನಮ್ಮ ಬಿಂದಿಗೆಯ ನೀರು ಜಾವಾದ ಬೆಲ್ಲದ ಕಡಾಯಿ ಮುಟ್ಟಿದೆ.

ಈರುಳ್ಳಿಯ ಸಾಕ್ಷಿ

ಇಲ್ಲಿಯವರೆಗಿನ ಗದ್ದಲ ಸಂಸ್ಕೃತದೊಂದಿಗೆ. ದ್ರಾವಿಡದ ಮನೆಯೊಳಗೇ ಇನ್ನೊಂದು ಪ್ರಶ್ನೆಯಿದೆ, ಅದನ್ನು ಯಾರೂ ಅಷ್ಟು ಜೋರಾಗಿ ಕೇಳುವುದಿಲ್ಲ. ಈ ಪದದ ಮೊದಲಿನ ನಕಾರ ಎಷ್ಟು ಗಟ್ಟಿ?

ತರಕಾರಿ ಬುಟ್ಟಿಗೆ ಕೈಹಾಕಿ. ಮೈಸೂರು-ಬೆಂಗಳೂರು ಕಡೆ ಈರುಳ್ಳಿ. ಉಡುಪಿ-ಮಂಗಳೂರು ಕಡೆ ನೀರುಳ್ಳಿ. ಹುಬ್ಬಳ್ಳಿ-ಧಾರವಾಡದವರು ಉ‍ಳ್ಳಾಗಡ್ಡಿ ಎಂದು ಈ ತಂಟೆಯಿಂದಲೇ ಪಾರಾಗಿದ್ದಾರೆ. ತೆಲುಗಿನಲ್ಲೂ ನೀರುಲ್ಲಿ ಉಂಟು, ತಮಿಳಿನಲ್ಲಿ ಈರುಳ್ಳಿ ಉಂಟು. ಬಿಳಿಯ ಉಳ್ಳಿ ಬೆಳ್ಳುಳ್ಳಿ. ಹಾಗಾದರೆ ಹೆಚ್ಚುವಾಗ ಹಲಗೆಯ ಮೇಲೆ ರಸ ಬಿಡುವ ಉಳ್ಳಿ ನೀರುಳ್ಳಿ ಆಗಿರಬೇಕು, ಬಾಯಿಂದ ಬಾಯಿಗೆ ಹೋಗುವಾಗ ನಕಾರ ಉದುರಿ ಈರುಳ್ಳಿ ಆಗಿರಬೇಕು. ಸರಳವಾದ ವಿವರಣೆ. ಆದರೆ ತಮಿಳಿನಲ್ಲಿ 'ಈರಂ' ಎಂಬ ಸ್ವತಂತ್ರ ಪದವಿದೆ. ಅರ್ಥ ಒದ್ದೆ, ಪಸೆ. ಒಣಗದ ಬಟ್ಟೆ ಈರ, ಮರುಗುವ ಮನಸ್ಸೂ ಈರ. ಹಾಗಿದ್ದರೆ ಈರುಳ್ಳಿ ಪಸೆಯ ಉಳ್ಳಿಯೇ ಇರಬಹುದು, ನಕಾರ ಕಳೆದುಕೊಂಡದ್ದೇ ಅಲ್ಲದಿರಬಹುದು. ಈಗ ಕೋಲಾಮಿಯ ಈರ್ ನೆನಪಿಸಿಕೊಂಡರೆ ಮೂರೂ ಒಂದೆಡೆ ಸೇರಿ ಕಣ್ಣು ಮಿಟುಕಿಸುತ್ತವೆ. ನೀರ್, ಈರ್ ಎರಡೂ ಒಂದೇ ಬೇರಿನ ಎರಡು ಕವಲೋ, ಒಂದೇ ನೆಲದಲ್ಲಿ ಅಕ್ಕಪಕ್ಕ ಹುಟ್ಟಿ ಒಂದಕ್ಕೊಂದು ಒರಗಿಕೊಂಡ ಬೇರೆ ಬೇರೆ ಪದಗಳೋ? ನಿಷ್ಪತ್ತಿ ಕೋಶ ಎರಡನ್ನೂ ಬೇರೆಬೇರೆ ಇಟ್ಟಿದೆ. ಕೋಶಕಾರರು ಹಾಗೇ ಮಾಡಬೇಕು, ಗಟ್ಟಿ ಪುರಾವೆ ಇಲ್ಲದೆ ಮದುವೆ ಮಾಡಿಸಬಾರದು. ಈರುಳ್ಳಿ ಹೆಚ್ಚುವಾಗ ನನಗೆ ಬರುವ ಕಣ್ಣೀರು ಮಾತ್ರ ಎರಡೂ ಒಂದೇ ಎನ್ನುತ್ತದೆ.

ಬಲೂಚಿಸ್ತಾನದ ದೀರ್

ನೀರ್ ಮೂಲ ದ್ರಾವಿಡದ್ದೇ, ಅಂದರೆ ಈ ಎಲ್ಲ ಭಾಷೆಗಳು ಒಂದಾಗಿದ್ದ ಕಾಲದ್ದೇ ಎಂದು ಹೇಳಬೇಕಾದರೆ ಉತ್ತರದಿಂದಲೂ ಒಂದು ಸಾಕ್ಷಿ ಬೇಕು. ಕುಡುಖ್, ಮಾಲ್ತೋ ಕೈಕೊಟ್ಟಿವೆ; ಅಲ್ಲಿ ಅಮ್ಮ್, ಅಮು. (ಇವಕ್ಕೂ ಸಂಸ್ಕೃತದ ಅಂಬುವಿಗೂ ಏನು ಸಂಬಂಧ ಎಂಬುದು ಮತ್ತೊಂದು ಜಗಳ, ಅದನ್ನಿಲ್ಲಿ ಎತ್ತುವುದಿಲ್ಲ.) ಉಳಿದದ್ದು ಬ್ರಾಹುಈಯ ದೀರ್ ಒಂದೇ.

ನಕಾರ ದಕಾರವಾಗುವುದು ವಿಚಿತ್ರವೇನಲ್ಲ, ನಾಲಗೆ ತಾಗುವ ಜಾಗ ಹೆಚ್ಚುಕಡಿಮೆ ಒಂದೇ. ಮೂಗು ಮುಚ್ಚಿಕೊಂಡು 'ನೀರು' ಎಂದು ನೋಡಿ, 'ದೀರು' ಕೇಳಿಸುತ್ತದೆ. ಬ್ರಾಹುಈಯಲ್ಲಿ ಇ-ಎ ಸ್ವರಗಳ ಮುಂದೆ ನಕಾರ ದಕಾರವಾಯಿತೆಂದು ಭಾಷಾವಿಜ್ಞಾನಿಗಳು ವಿವರಿಸಿದ್ದಾರೆ. ಆದರೆ ಅದೇ ಭಾಷೆಯಲ್ಲಿ 'ನೀನು' ಎಂಬುದಕ್ಕೆ 'ನೀ' ಎಂದೇ ಇದೆ. ಅಲ್ಲಿ ನಕಾರ ಏಕೆ ಉಳಿಯಿತು? ಸರ್ವನಾಮಗಳು ಹಠಮಾರಿಗಳು, ಎಲ್ಲ ನಿಯಮಕ್ಕೂ ಬಗ್ಗುವುದಿಲ್ಲ ಎಂದು ಉತ್ತರ. ಒಪ್ಪಬಹುದು, ಒಪ್ಪಿದ ಮೇಲೂ ಒಂದು ಮುಳ್ಳು ಚುಚ್ಚುತ್ತಲೇ ಇರುತ್ತದೆ.

ಬ್ರಾಹುಈ ಜನ ಅಲ್ಲಿ ಯಾವಾಗಿನಿಂದ ಇದ್ದಾರೆ ಎಂಬುದೇ ಇತ್ಯರ್ಥವಾಗಿಲ್ಲ. ಸಿಂಧೂ ನಾಗರಿಕತೆಯ ಕಾಲದಿಂದ ಅಲ್ಲೇ ಉಳಿದ ತುಣುಕು ಎಂದು ಒಂದು ಪಕ್ಷ. ಅಲ್ಲ, ಸುಮಾರು ಸಾವಿರ ವರ್ಷದ ಹಿಂದೆ ಮಧ್ಯಭಾರತದ ಕಡೆಯಿಂದ ವಲಸೆ ಹೋದವರು ಎಂದು ಜೋಸೆಫ್ ಎಲ್ಫೆನ್‌ಬೈನ್ ಮುಂತಾದವರ ಪಕ್ಷ. ವಲಸೆಯೇ ನಿಜವಾಗಿ, ಅವರು ಕುಡುಖರ ಹತ್ತಿರದ ಬಳಗವಾಗಿದ್ದರೆ, ಕುಡುಖರು ಕಳೆದುಕೊಂಡ ನೀರನ್ನು ಇವರು ಮಾತ್ರ ಅಷ್ಟು ದೂರ ಹೊತ್ತುಕೊಂಡು ಹೋದರೆಂದಾಗುತ್ತದೆ.

ಮುನ್ನೀರು, ನೀರೆ

ಇನ್ನೆರಡು ಸಣ್ಣ ಕಗ್ಗಂಟು. ಹಳಗನ್ನಡ, ತಮಿಳು, ತೆಲುಗು ಮೂರರಲ್ಲೂ ಕಡಲಿಗೆ ಮುನ್ನೀರು. ಮೂರು ನೀರೋ, ಮೊದಲಿನ ನೀರೋ? ತಮಿಳಿನ ಹಳೆಯ ಟೀಕಾಕಾರರು ಹೊಳೆಯ ನೀರು, ಊಟೆಯ ನೀರು, ಮಳೆಯ ನೀರು ಮೂರೂ ಸೇರುವ ಜಾಗ ಎಂದರು. ಲೋಕವನ್ನು ಹುಟ್ಟಿಸಿ, ಕಾಯ್ದು, ಮುಳುಗಿಸುವ ಮೂರು ಗುಣಗಳುಳ್ಳದ್ದು ಎಂದೂ ಹೇಳಿದರು. 'ಮುನ್' ಎಂದರೆ ಹಿಂದಿನ, ಆದಿಯ. ನೆಲಕ್ಕೂ ಮುಂಚೆ ಇದ್ದ ನೀರು ಎಂಬುದು ಇನ್ನೊಂದು ಬಿಡಿಸಿಕೆ. ವ್ಯಾಕರಣ ಎರಡಕ್ಕೂ ಅಡ್ಡಿ ಹೇಳುವುದಿಲ್ಲ. ನನಗೆ ಎರಡನೆಯದು ಹೆಚ್ಚು ಹಿಡಿಸುತ್ತದೆ, ಕಾರಣ ಕೇಳಿದರೆ ಪುರಾವೆ ಕೊಡಲಾರೆ.

ಇನ್ನು ನೀರೆ. ಚೆಲುವೆಗೆ ನೀರೆ ಎಂದೂ, ಪ್ರಿಯನಿಗೆ ನೀರ ಎಂದೂ ಕನ್ನಡ ಕಾವ್ಯ ಕರೆದಿದೆ. ತಮಿಳಿನಲ್ಲಿ ನೀರ್ಮೈ ಎಂದರೆ ಗುಣ, ಸ್ವಭಾವ, ಒಳ್ಳೆಯತನ. ಮುತ್ತಿನ ನೀರಿನಂಥ ಕಾಂತಿಯಿಂದ ನೀರೆ ಬಂದಳೋ, ನೀರ್ಮೈಯ ಕಡೆಯಿಂದ ಬಂದಳೋ, ಅಥವಾ ನೀರಿಗೂ ಅವಳಿಗೂ ಪನ್ನೀರು-ಪನೀರುಗಳಷ್ಟೇ ಸಂಬಂಧವೋ?

ಕಟ್ಟೆ ಕಟ್ಟದ ಪ್ರಶ್ನೆಗಳು

ಸಂಸ್ಕೃತದ ನೀರ ದ್ರಾವಿಡದಿಂದ ಹೋದದ್ದು ಎಂಬ ವಾದಕ್ಕೆ ಇಂದು ಹೆಚ್ಚು ಬಲವಿದೆ. ಹೋದದ್ದು ಯಾವ ಭಾಷೆಯಿಂದ? ಕನ್ನಡದಿಂದಲೇ ಎಂದು ಹೆಮ್ಮೆಪಡುವವರಿಗೂ, ಎಲ್ಲವೂ ತಮಿಳಿನಿಂದಲೇ ಎಂದು ಎದೆ ತಟ್ಟುವವರಿಗೂ ಇಲ್ಲಿ ಆಧಾರವಿಲ್ಲ. ಎರಡೂ ಭಾಷೆಗಳಲ್ಲಿ ಪದದ ರೂಪ ಒಂದೇ, ತೆಲುಗಿನ ಏಕವಚನವೂ ಹೆಚ್ಚುಕಡಿಮೆ ಅದೇ. ಈಗ ಉಳಿದಿರದ, ಗಂಗೆಯ ಬಯಲಿನಲ್ಲೋ ಗುಜರಾತಿನ ಕಡೆಯೋ ಆಡುತ್ತಿದ್ದ ದ್ರಾವಿಡ ನುಡಿಯಿಂದ ಹೋಗಿರಲೂಬಹುದು. ಹಾಗೊಂದು ನುಡಿ ಅಲ್ಲಿತ್ತೇ ಎಂಬುದಕ್ಕೆ ಊರ ಹೆಸರುಗಳನ್ನು ಬಿಟ್ಟರೆ ಹಿಡಿಯಲು ಹೆಚ್ಚೇನೂ ಸಿಕ್ಕಿಲ್ಲ, ಅವುಗಳ ಬಗ್ಗೆಯೂ ತಕರಾರಿದೆ.

ದಿನಬಳಕೆಗೆ ಹತ್ತು ಹೆಸರಿದ್ದ ಭಾಷೆಯೊಂದು ನೀರಿನಂಥ ಮೂಲವಸ್ತುವಿಗೆ ಹೆಸರನ್ನು ಕಡ ತಂದದ್ದು ಏಕೆ ಎಂಬುದು ಇನ್ನೂ ಉತ್ತರ ಬೇಡುವ ಪ್ರಶ್ನೆ. ಅಕ್ಕಿ, ಬಟ್ಟೆ, ಆಯುಧಗಳ ಹೆಸರು ವ್ಯಾಪಾರಿಯ ಜೊತೆ ಬರುತ್ತವೆ. ನೀರಿನ ಹೆಸರು ಬರಬೇಕಾದರೆ ಒಂದೇ ಬಾವಿಯ ಬಳಿ ನಿಂತಿರಬೇಕು, ಒಂದೇ ಮನೆಯೊಳಗೆ ಎರಡು ನುಡಿಯ ಹೆಂಗಸರು ಕೊಡ ಇಳಿಸಿರಬೇಕು. ಯಾವ ಕಾಲದಲ್ಲಿ, ಯಾವ ಊರಲ್ಲಿ ಎಂದು ಪದಗಳು ಹೇಳುವುದಿಲ್ಲ.

ವಠಾರದಲ್ಲಿ ಆಗುತ್ತಿದ್ದುದು ಮಾತ್ರ ನನಗೆ ಗೊತ್ತು. ಎರಡನೆಯ ವರ್ಷದ ಹೊತ್ತಿಗೆ ಮಹಡಿಯ ಮನೆಯ ಹೆಂಗಸು ಕಟಾಂಜನದಿಂದ ಬಗ್ಗಿ, ನಲ್ಲಿಯ ಸದ್ದಿಗಿಂತ ಜೋರಾಗಿ, 'ನೀರ್ ಆಯಾ ಕ್ಯಾ?' ಎಂದು ಕೇಳುತ್ತಿದ್ದರು.